ಮಣ್ಣು ಮೊದಲು, ಕಪ್ಪೆ ಕೊನೆಗೆ

ಡಾರ್ಟ್ ಕಪ್ಪೆಗಳ ವೈವೇರಿಯಂ, ಅಂದರೆ ಗಿಡ ನೆಟ್ಟು ಕಪ್ಪೆ ಸಾಕುವ ಗಾಜಿನ ಪೆಟ್ಟಿಗೆ, ಎದುರು ನಿಂತಾಗ ನಾನು ಮೊದಲು ಬಗ್ಗಿ ತಳ ನೋಡುತ್ತೇನೆ. ದಕ್ಷಿಣ ಅಮೆರಿಕದ ಸುರಿನಾಮ್‌ನಲ್ಲಿ, ಸಿಪಲಿವಿನಿ ಹುಲ್ಲುಗಾವಲಿನ ನಡುವಿನ ಕಾಡಿನ ತುಣುಕುಗಳಲ್ಲಿ ವಾಸಿಸುವ ಕಡುನೀಲಿ ‘ಅಝೂರಿಯಸ್’ ಕಪ್ಪೆಯ ಚೆಲುವಿಗೆ ಯಾರಾದರೂ ಸೋಲುತ್ತಾರೆ. ಆದರೆ ಆ ಕಪ್ಪೆ ಹತ್ತು ವರ್ಷ ಬಾಳುತ್ತದೋ ಇಲ್ಲವೋ ಎಂಬುದು ಬಹುಪಾಲು ತೀರ್ಮಾನವಾಗುವುದು ಆ ತಳದಲ್ಲೇ.

ಆರಡಿ ಉದ್ದದ ಪೆಟ್ಟಿಗೆಯಾದರೆ ಗಿಡ ನೆಟ್ಟ ಮೇಲೆ ಅಲುಗಾಡಿಸುವಂತಿಲ್ಲ. ಹಾಗಾಗಿ ನೀರು ಹೊರಹೋಗಲು ಗಾಜಿಗೆ ಮೊದಲೇ ತೂತು ಕೊರೆಸಿ ನಲ್ಲಿ ಕೂರಿಸಬೇಕು. ತಳಕ್ಕೆ ಎರಡು-ಮೂರು ಅಂಗುಲ ಸುಟ್ಟ ಜೇಡಿಮಣ್ಣಿನ ಹಗುರ ಗುಂಡುಗಳು, ಅದರ ಮೇಲೆ ಸಣ್ಣ ಕಣ್ಣಿನ ಜಾಲರಿ, ಆಮೇಲೆ ಮಣ್ಣು. ಇಳಿದ ನೀರು ಏರುತ್ತ ಜಾಲರಿ ಮುಟ್ಟಿತೆಂದರೆ ಬೇರು ಕೊಳೆತು ನಾರತೊಡಗುತ್ತದೆ. ಮಣ್ಣೆಂದರೂ ಅದರಲ್ಲಿ ಮಣ್ಣೇ ಇರುವುದಿಲ್ಲ. ಅಟ್ಲಾಂಟಾ ಸಸ್ಯೋದ್ಯಾನದ ಹೆಸರಿನಲ್ಲಿ ಹಬ್ಬಿದ ‘ಎಬಿಜಿ’ ಮಿಶ್ರಣದಲ್ಲಿ ಮರಜರಿಯ ನಾರು, ಪೀಟ್, ಇದ್ದಿಲು, ಸ್ಫ್ಯಾಗ್ನಮ್ ಪಾಚಿ, ಆರ್ಕಿಡ್ ತೊಗಟೆ ಇರುತ್ತವೆ. ಒರಟಾದ ಈ ಮಿಶ್ರಣ ಒದ್ದೆಯಾದರೂ ಗಟ್ಟಿಯಾಗಿ ಕೂರದೆ ಬೇರಿಗೆ ಗಾಳಿ ಕೊಡುತ್ತದೆ. ತೆಂಗಿನ ನಾರಿನ ಪುಡಿಯೊಂದನ್ನೇ ತುಂಬಿದರೆ ಕ್ರಮೇಣ ಒತ್ತಿಕೊಂಡು ಕೆಸರಾಗುತ್ತದೆ.

ಅದರ ಮೇಲೆ ಒಣ ಎಲೆ ದಪ್ಪಗೆ ಹರಡಿ, ಸ್ಪ್ರಿಂಗ್‌ಟೇಲ್ ಮತ್ತು ಐಸೊಪಾಡ್‌ಗಳನ್ನು ಬಿಡಬೇಕು. ಬೂಷ್ಟು, ಹಿಕ್ಕೆ, ಕೊಳೆತ ಎಲೆ ಎಲ್ಲವನ್ನೂ ತಿಂದು ಚೊಕ್ಕಟ ಮಾಡುವ ಈ ಪುಟ್ಟ ಜೀವಿಗಳೇ ಕಪ್ಪೆಮರಿಗಳಿಗೆ ಊಟವೂ ಹೌದು. ಇವು ನೆಲೆಯೂರಿ, ಗಿಡ ಬೇರುಬಿಡುವವರೆಗೆ ಎರಡು-ಮೂರು ತಿಂಗಳು ಪೆಟ್ಟಿಗೆ ಕಪ್ಪೆಯಿಲ್ಲದೆಯೇ ಇರಲಿ. ಇಷ್ಟು ಕಾಯಲಾರದವರು ಈ ಹವ್ಯಾಸಕ್ಕೆ ಕೈಹಾಕಬಾರದು.

ತೇವ ಬೇಕೆಂದು ದಿನವಿಡೀ ಮಂಜು ಸಿಂಪಡಿಸುವುದು ನನಗೆ ಒಪ್ಪಿಗೆಯಿಲ್ಲ. ಎಲೆಗಳ ಮೇಲ್ಮೈ ನಡುನಡುವೆ ಆರಬೇಕು. ಯೂರೋಪಿನ ಸಾಕಣೆದಾರರು ಮುಂಬಾಗಿಲ ಕೆಳಗೊಂದು, ಮುಚ್ಚಳದಲ್ಲೊಂದು ಜಾಲರಿ ಪಟ್ಟಿ ಇಡುತ್ತಾರೆ. ಬೆಚ್ಚಗಿನ ಗಾಳಿ ಮೇಲೇರಿ ಹೋಗುವಾಗ ಕೆಳಗಿನಿಂದ ಹೊಸ ಗಾಳಿ ಬರುತ್ತದೆ, ಗಾಜೂ ಮಸುಕಾಗುವುದಿಲ್ಲ. ಶಾಖ 22ರಿಂದ 26 ಡಿಗ್ರಿ ಸಾಕು. 30 ದಾಟಿದರೆ ಪ್ರಾಣಕ್ಕೇ ಸಂಚಕಾರ.

ಜಾಗ ದೊಡ್ಡದಿದೆಯೆಂದು ನಾಲ್ಕು ಬಗೆಯ ಕಪ್ಪೆಗಳನ್ನು ಕೂಡಿಹಾಕುವ ಆಸೆ ಹುಟ್ಟುತ್ತದೆ. ಬೇಡ. ಒಂದೇ ಜಾತಿಯಿರಲಿ. ಪೆರುವಿನ ‘ಇಮಿಟೇಟರ್’ ಜೋಡಿಯನ್ನೇ ನೋಡಿ: ಗಂಡು ಗೊದಮೊಟ್ಟೆಯನ್ನು ಬೆನ್ನ ಮೇಲೆ ಹೊತ್ತು ಎಲೆಬುಡದ ಪುಟ್ಟ ನೀರಿಗೆ ಬಿಡುತ್ತದೆ, ಹೆಣ್ಣು ಬಂದು ಫಲಿಸದ ಮೊಟ್ಟೆಯಿಟ್ಟು ಅದಕ್ಕೆ ಉಣಿಸುತ್ತದೆ. ಎರಡು ಸೆಂಟಿಮೀಟರ್ ಆಸುಪಾಸಿನ ತಂದೆತಾಯಿಯ ಈ ಸಂಸಾರ ಕಾಣಲು ದೊಡ್ಡ ವೈವೇರಿಯಂಗಿಂತ ಒಳ್ಳೆಯ ಜಾಗ ಮನೆಯಲ್ಲಿ ಇನ್ನೊಂದಿಲ್ಲ. ಡಾರ್ಟ್ ಕಪ್ಪೆಗಳ ವಿಷದ ಭಯವೂ ಬೇಡ. ಕಾಡಿನ ಇರುವೆ, ನುಸಿಗಳಿಂದ ಬರುವ ಆ ವಿಷ, ಕ್ಯಾಲ್ಸಿಯಂ ಪುಡಿ ಹೊರಳಿಸಿದ ಹಣ್ಣಿನ ನೊಣ ತಿಂದು ಬೆಳೆದ ಕಪ್ಪೆಯಲ್ಲಿರುವುದಿಲ್ಲ.

ಡಾರ್ಟ್ ಕಪ್ಪೆಗಳು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯ ನಂತರ ಭಾರತದಲ್ಲಿ ಇಂಥ ಜೀವಿಗಳನ್ನು ಸಾಕುವವರು ನೋಂದಣಿ ಮಾಡಿಸಲೇಬೇಕು. ಕಾಗದಪತ್ರವಿಲ್ಲದ ಕಪ್ಪೆಯನ್ನು ಕೊಳ್ಳಬೇಡಿ. ಮೊಟ್ಟೆಗೆ ಕೆಸರು ಮೆತ್ತುವ ನಮ್ಮ ಮಲೆನಾಡಿನ ಕುಂಬಾರ ಕಪ್ಪೆಯನ್ನಂತೂ ಅದರ ತೊರೆಯಲ್ಲೇ ಬಿಡಿ.