ಅನುದಾನ ಸಾರ್ವಜನಿಕ, ಲೆಕ್ಕ ಖಾಸಗಿ

2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದ ಭಾಗ, ಯಾರೂ ಕೇಳದೆಯೇ ಹೇಳಬೇಕೆನ್ನುವ 4(1)(ಬಿ) ಕಲಮು. ಸಂಸ್ಥೆಯ ರಚನೆ, ಸಿಬ್ಬಂದಿಯ ಸಂಬಳ, ಬಜೆಟ್, ಸಹಾಯಧನ ಪಡೆದವರ ವಿವರ ಸೇರಿ 17 ಬಾಬ್ತುಗಳನ್ನು ಕಾಯ್ದೆಯ ವ್ಯಾಪ್ತಿಯ ಸಂಸ್ಥೆಗಳು ತಾವಾಗಿಯೇ ಪ್ರಕಟಿಸಬೇಕು, ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ಮಂಗಳೂರಿಗೆ ತಂದು ನೋಡಿದರೆ ಮಾತ್ರ ಈ ಅಂಗಿಯ ಹೊಲಿಗೆ ಬಿಡುತ್ತದೆ.

ಈ ಊರಿನಲ್ಲಿ ಶಾಲೆ ಕಾಲೇಜುಗಳನ್ನು ಕಟ್ಟಿದವರಲ್ಲಿ ಚರ್ಚುಗಳು, ಸಮುದಾಯದ ಸಂಘಗಳು, ಟ್ರಸ್ಟುಗಳೇ ಮುಂದೆ. ಅನುದಾನಿತ ಹುದ್ದೆಯ ಸಂಬಳ ಸರ್ಕಾರದ್ದು, ಕಟ್ಟಡ ಆಡಳಿತ ಮಂಡಳಿಯದ್ದು. ಒಂದು ಕೊಠಡಿಯಲ್ಲಿ ಅನುದಾನಿತ ಬಿ.ಎ., ಪಕ್ಕದಲ್ಲೇ ಅನುದಾನರಹಿತ ಬಿ.ಸಿ.ಎ. ಹಾಗಾದರೆ ಲೆಕ್ಕ ಕೊಡಬೇಕಾದದ್ದು ಯಾವ ಕೊಠಡಿ? ಸರ್ಕಾರದ ನೆರವು 'ಗಣನೀಯ'ವಾಗಿದ್ದರೆ ಸರ್ಕಾರೇತರ ಸಂಸ್ಥೆಯೂ ಕಾಯ್ದೆಯೊಳಗೆ ಬರುತ್ತದೆ. ಗಣನೀಯ ಎಂದರೆ ಎಷ್ಟೆಂದು ಕಾಯ್ದೆ ಹೇಳಲಿಲ್ಲ. 2019ರಲ್ಲಿ ಡಿ.ಎ.ವಿ. ಕಾಲೇಜು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನೆರವು ಅರ್ಧಕ್ಕಿಂತ ಹೆಚ್ಚಿರಲೇಬೇಕೆಂದಿಲ್ಲ, ಪುಕ್ಕಟೆಯಾಗಿ ಕೊಟ್ಟ ನಗರದ ಜಾಗವೂ ಲೆಕ್ಕಕ್ಕೆ ಬರಬಹುದು ಎಂದಿತು. ಒಳ್ಳೆಯ ತೀರ್ಪು. ಆದರೆ ಪ್ರತಿ ಸಂಸ್ಥೆಯದ್ದೂ ಬೇರೆ ಬೇರೆಯಾಗಿಯೇ ತೀರ್ಮಾನವಾಗಬೇಕು. ಅಲ್ಲಿಯವರೆಗೆ 'ನಮ್ಮದು ಖಾಸಗಿ' ಎನ್ನುವುದಕ್ಕೆ ಅಡ್ಡಿಯಿಲ್ಲ.

ಪೂರ್ತಿ ಸರ್ಕಾರದ ದುಡ್ಡೇ ಇರುವ ಕಡೆಯೂ ಇದೇ ಕಷ್ಟ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. 2016ರಲ್ಲಿ ನಗರ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಕೆಲಸಗಳಿಗೆಂದು ಪ್ರತ್ಯೇಕ ಕಂಪನಿ ಬಂತು. ಷೇರು ಅರ್ಧ ರಾಜ್ಯದ್ದು, ಅರ್ಧ ಪಾಲಿಕೆಯದ್ದು. ಇದು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಂಬುದರಲ್ಲಿ ಅನುಮಾನವಿಲ್ಲ. ಆದರೆ 11ನೇ ಬಾಬ್ತು ಬಜೆಟ್ ಕೇಳುವುದು ಏಜೆನ್ಸಿವಾರು, ಕಾಮಗಾರಿವಾರು ಅಲ್ಲ. ಹಂಪನಕಟ್ಟೆಯ ಗಡಿಯಾರ ಗೋಪುರಕ್ಕೆ ಎಷ್ಟು, ಗುತ್ತಿಗೆ ಯಾರಿಗೆ, ಬಿಲ್ಲು ಯಾವಾಗ ಎಂಬುದನ್ನು ಒಂದೇ ಹಾಳೆಯಲ್ಲಿ ಕೊಡದೆಯೂ ಆ ಬಾಬ್ತನ್ನು ತುಂಬಿಸಿಬಿಡಬಹುದು.

ಇನ್ನು ದಂಡ. ಅರ್ಜಿಗೆ ಉತ್ತರಿಸದ ಅಧಿಕಾರಿಗೆ ದಿನಕ್ಕೆ ರೂ. 250ರಂತೆ ರೂ. 25,000ದವರೆಗೆ. 17 ಬಾಬ್ತು ಪ್ರಕಟಿಸದೆ ಕೂತವರಿಗೆ ಅಂಥ ದಂಡವೇ ಇಲ್ಲ. ಅತ್ತ ಕರ್ನಾಟಕದ ನಿಯಮ ಅರ್ಜಿದಾರನಿಗೆ 150 ಪದ, ಒಂದೇ ವಿಷಯ ಎಂದು ಗೆರೆ ಎಳೆದಿದೆ. ಬಿಗಿಯೆಲ್ಲ ಕೇಳುವವನಿಗೇ!

ಹೊಸ ಕಾಯ್ದೆಯೇನೂ ಬೇಕಿಲ್ಲ. ಅನುದಾನ ಪಡೆದವರು ಇಲಾಖೆಗೆ ಹಣ ಬಳಕೆ ಪ್ರಮಾಣಪತ್ರ ಕೊಡುವ ಪದ್ಧತಿ ಮೊದಲಿಂದಲೂ ಇದೆ: ಮಂಜೂರಾದ ಮೊತ್ತ, ಖರ್ಚು, ಉಳಿಕೆ, ಕೆಳಗೆ ಸಹಿ. ಅದರ ಒಂದು ಪ್ರತಿಯನ್ನು ಸಂಸ್ಥೆಯ ನೋಟಿಸ್ ಬೋರ್ಡಿಗೂ ಅಂಟಿಸದಿದ್ದರೆ ಮುಂದಿನ ಕಂತು ಇಲ್ಲ ಎಂದು ಮಂಜೂರಾತಿ ಆದೇಶದಲ್ಲೇ ಬರೆದರೆ ಸಾಕು.