ಅಪ್ಪನೂ ಹೆಣ್ಣು, ಅಮ್ಮನೂ ಹೆಣ್ಣು: ಹೆಸರು ನೋಡಿ ಊಹಿಸುವ ಲೆಕ್ಕದ ಬಗ್ಗೆ

ಕಂಪ್ಯೂಟರಿಗೆ ಭಾಷೆ ಕಲಿಸೋ ಕೋರ್ಸ್ ಮಾಡಿದವರಿಗೆಲ್ಲ ಒಂದು ಅಭ್ಯಾಸ ನೆನಪಿರುತ್ತೆ. ಹೆಸರು ಕೊಟ್ಟರೆ ಅದು ಗಂಡಿನದೋ ಹೆಣ್ಣಿನದೋ ಅಂತ ಪ್ರೋಗ್ರಾಂ ಹೇಳಬೇಕು. ಎನ್‌ಎಲ್‌ಟಿಕೆ ಎಂಬ ಪೈಥಾನ್ ಲೈಬ್ರರಿಗಾಗಿ 2009ರಲ್ಲಿ ಬಂದ ಪಠ್ಯಪುಸ್ತಕದ ಆರನೇ ಅಧ್ಯಾಯದಲ್ಲಿ ಇದು ಸಿಗುತ್ತೆ. 2,943 ಗಂಡು ಹೆಸರು, 5,001 ಹೆಣ್ಣು ಹೆಸರುಗಳ ಪಟ್ಟಿ. ಮೊದಲ ಹಂತದಲ್ಲಿ ಹೆಸರಿನ ಕೊನೆಯ ಅಕ್ಷರ ಮಾತ್ರ ನೋಡೋದು. ‘ಎ’ಯಿಂದ ಮುಗಿದರೆ ಗಂಡಿಗಿಂತ ಹೆಣ್ಣಾಗಿರೋದೇ 38 ಪಟ್ಟು ಹೆಚ್ಚು ಅನ್ನುತ್ತೆ ಪುಸ್ತಕ. ‘ಮೇಟ್ರಿಕ್ಸ್’ ಸಿನಿಮಾದ ನಿಯೋ ಗಂಡು, ಟ್ರಿನಿಟಿ ಹೆಣ್ಣು ಅಂತ ಸರಿಯಾಗೇ ಗುರುತಿಸುತ್ತೆ.

ಈಗ ನಮ್ಮ ಹೆಸರುಗಳನ್ನ ಕೊಟ್ಟು ನೋಡಿ. ಬಸವ, ರಾಮ, ಕೃಷ್ಣ, ನಾಗರಾಜ, ಸಿದ್ದಪ್ಪ, ರಾಮಣ್ಣ, ಚೆನ್ನಯ್ಯ. ಇಂಗ್ಲಿಷಿನಲ್ಲಿ ಬರೆದರೆ ಎಲ್ಲವೂ ‘ಎ’ಯಿಂದಲೇ ಮುಗಿಯುತ್ತವೆ. ಆ ನಿಯಮದ ಪ್ರಕಾರ ಅಪ್ಪನೂ ಹೆಣ್ಣು, ಅಮ್ಮನೂ ಹೆಣ್ಣು! 1209ರಲ್ಲಿ ‘ಯಶೋಧರ ಚರಿತೆ’ ಬರೆದ ಜನ್ನನ ಹೆಸರನ್ನ ಇಂಗ್ಲಿಷಿನಲ್ಲಿ ಬರೆದರೆ ಅಮೆರಿಕದಲ್ಲಿ ಅದು ಹುಡುಗಿಯರಿಗೆ ಇಡೋ ಹೆಸರು.

ಕನ್ನಡದ ಹೆಸರಲ್ಲಿ ಗಂಡು-ಹೆಣ್ಣು ಎಲ್ಲಿದೆ ಹಾಗಾದರೆ? ಎಷ್ಟೋ ಸಲ ಮೂಲದಲ್ಲಿಲ್ಲ, ಬಾಲದಲ್ಲಿದೆ. ಬಸಪ್ಪ-ಬಸಮ್ಮ, ತಿಮ್ಮಪ್ಪ-ತಿಮ್ಮಕ್ಕ, ನಿಂಗಪ್ಪ-ನಿಂಗವ್ವ. ದೇವಿ ಎಲ್ಲಮ್ಮನ ಹೆಸರು ಗಂಡುಮಗುವಿಗೆ ಎಲ್ಲಪ್ಪ ಆಗುತ್ತೆ, ಹನುಮನ ಹೆಸರು ಹೆಣ್ಣುಮಗುವಿಗೆ ಹನುಮಕ್ಕ. ಕೆಲವು ಕಡೆ ವ್ಯತ್ಯಾಸ ಇರೋದು ಸ್ವರದ ಉದ್ದದಲ್ಲಿ: ರಾಮ ಗಂಡು, ರಮಾ ಹೆಣ್ಣು. ಕೃಷ್ಣ ಅಂದರೆ ಕೃಷ್ಣ, ಕೃಷ್ಣಾ ಅಂದರೆ ದ್ರೌಪದಿ. ಇಂಗ್ಲಿಷಿಗೆ ಹೋದ ಕೂಡಲೇ ರಾಮ, ರಮಾ ಇಬ್ಬರಿಗೂ ಅದೇ ಆರ್-ಎ-ಎಂ-ಎ. ಅಂದರೆ ಗುರುತು ಕಳೆದುಹೋದದ್ದು ಪ್ರೋಗ್ರಾಂ ಶುರುವಾಗೋ ಮುಂಚೆಯೇ, ಫಾರಂ ತುಂಬುವಾಗ. ಇನ್ನು ಕೆಲವು ಹೆಸರುಗಳಲ್ಲಿ ಗುರುತು ಮೊದಲಿಂದಲೂ ಇಲ್ಲ. ಬಯೋಕಾನಿನ ಕಿರಣ್ ಮಜುಂದಾರ್-ಷಾ, ಇಸ್ರೋ ಅಧ್ಯಕ್ಷರಾಗಿದ್ದ ಎ. ಎಸ್. ಕಿರಣ್ ಕುಮಾರ್, ಇಬ್ಬರನ್ನೂ ಬಲ್ಲಿರಿ. ಮಂಜುನಾಥನೂ ಮಂಜುಳೆಯೂ ಮನೆಯಲ್ಲಿ ‘ಮಂಜು’ನೇ.

ಆ ಪಟ್ಟಿ ಹಳೇದು, ದೊಡ್ಡ ಡೇಟಾ ತಗೊಂಡರೆ ಸರಿಹೋಗುತ್ತೆ ಅಂತೀರಾ? ಅಮೆರಿಕದಲ್ಲಿ ದೊಡ್ಡದು ಅಂದರೆ ಸೋಶಿಯಲ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್ ಪ್ರಕಟಿಸೋ ಮಕ್ಕಳ ಹೆಸರುಗಳ ಪಟ್ಟಿ. 1880ರಿಂದ ಹುಟ್ಟಿದವರ ಲೆಕ್ಕ ಅದರಲ್ಲಿದೆ. ಲೆಸ್ಲಿ ಅನ್ನೋ ಹೆಸರು ಗಂಡಿನಿಂದ ಹೆಣ್ಣಿನ ಕಡೆಗೆ ಸರಿದದ್ದು ಅದರಲ್ಲಿ ಚೆನ್ನಾಗಿ ಕಾಣುತ್ತೆ, ಅದು ಅದರ ಶಕ್ತಿ. ಆದರೆ ಎರಡು ನಿಯಮ ಗಮನಿಸಿ. ಒಂದು, ಬೇರೆ ಸ್ಪೆಲಿಂಗ್ ಅಂದರೆ ಬೇರೆ ಹೆಸರು. ಎರಡು, ಒಂದು ವರ್ಷದಲ್ಲಿ ಐದು ಮಕ್ಕಳಿಗಿಂತ ಕಡಿಮೆ ಇದ್ದರೆ ಗೋಪ್ಯತೆಗಾಗಿ ಆ ಹೆಸರನ್ನ ಬಿಡ್ತಾರೆ. ನಾವು ‘ತ’ಕಾರಕ್ಕೆ ‘ಟಿಎಚ್’ ಬರೀತೀವಿ, ಉತ್ತರದವರು ಬರೀ ‘ಟಿ’. ‘ಈ’ಕಾರಕ್ಕೆ ಒಬ್ಬರು ಎರಡು ‘ಇ’, ಇನ್ನೊಬ್ಬರು ಒಂದು ‘ಐ’. ಗೀತಾ ಒಬ್ಬಳೇ ನಾಲ್ಕಾಗ್ತಾಳೆ. ಒಂದೊಂದು ಸ್ಪೆಲಿಂಗಿಗೆ ನಾಲ್ಕು ಮಕ್ಕಳಿದ್ದರೆ ಒಟ್ಟು ಹದಿನಾರು ಗೀತೆಯರು, ಪಟ್ಟಿಯಲ್ಲಿ ಸೊನ್ನೆ. ನ್ಯೂಯಾರ್ಕ್ ನಗರ ಪ್ರಕಟಿಸೋ ಹೆಸರುಗಳ ಪಟ್ಟಿಯಲ್ಲಿ ತಾಯಿಯ ಜನಾಂಗವೂ ಇರುತ್ತೆ, ಆದರೆ ಚೀನಾ, ಬಾಂಗ್ಲಾ, ಕರ್ನಾಟಕ ಎಲ್ಲ ‘ಏಷ್ಯನ್ ಮತ್ತು ಪೆಸಿಫಿಕ್ ಐಲ್ಯಾಂಡರ್’ ಎಂಬ ಒಂದೇ ಬುಟ್ಟಿಯಲ್ಲಿ.

ಪಾಠವಾಗಿ ಈ ಅಭ್ಯಾಸದ ಬಗ್ಗೆ ನನಗೆ ತಕರಾರಿಲ್ಲ. ಅದು ಕ್ಲಾಸ್‌ರೂಮ್ ಬಿಟ್ಟು ಹೊರಗೆ ಬಂದಾಗ ತಕರಾರು. ಒಂದು ಸಮ್ಮೇಳನದಲ್ಲಿ, ಒಂದು ಕಂಪನಿಯಲ್ಲಿ ಹೆಂಗಸರು ಎಷ್ಟಿದ್ದಾರೆ ಅನ್ನೋದನ್ನ ಇದೇ ಥರ ಹೆಸರಿನಿಂದ ಊಹಿಸೋದುಂಟು. ತಪ್ಪು ಎರಡೂ ಕಡೆ ಸಮನಾಗಿ ಆದರೆ ಒಂದನ್ನೊಂದು ಹೊಡೆದುಹಾಕೀತು. ಇಲ್ಲಿ ಹಾಗಾಗಲ್ಲ. ‘ಎ’ಯಿಂದ ಮುಗಿಯೋ ದಕ್ಷಿಣದ ಗಂಡಸರೆಲ್ಲ ಹೆಂಗಸರ ಕಾಲಮ್ಮಿಗೆ ಹೋಗ್ತಾರೆ. ಆಮೇಲೆ ‘ಹೆಂಗಸರ ಸಂಖ್ಯೆ ಪರವಾಗಿಲ್ಲ’ ಅಂತ ವರದಿ ಬರುತ್ತೆ. ನಾಗರಾಜನಿಗೆ ಇದರಿಂದ ನಷ್ಟವಿಲ್ಲ. ಕೆಲಸ ಸಿಗದ ಗೀತಾಗೆ ಇದೆ.

ಅಮೆರಿಕದ ಈ ಲೆಕ್ಕದ ಮೇಲೇ ನಿಂತ, ಲಿಂಕನ್ ಮುಲನ್ ಬರೆದ ‘ಜೆಂಡರ್’ ಎಂಬ ಆರ್ ಪ್ಯಾಕೇಜ್ ಇದೆ. ಈ ವಿಧಾನಕ್ಕೆ ಮಿತಿಗಳಿವೆ, ಎಚ್ಚರದಿಂದ ಬಳಸಿ ಅಂತ ಅದರ ವಿವರಣೆಯಲ್ಲೇ ಬರೆದಿದ್ದಾರೆ. ಆ ಪ್ರಾಮಾಣಿಕತೆ ದೊಡ್ಡದು. ಆದರೆ ಎಚ್ಚರಿಕೆ ಪ್ಯಾಕೇಜಿನಲ್ಲೇ ಉಳಿಯುತ್ತೆ, ಅಂಕಿ ಮಾತ್ರ ಸ್ಲೈಡಿಗೆ ಬರುತ್ತೆ.

ನ್ಯೂಯಾರ್ಕ್ ನಗರ ಮತ್ತು ನ್ಯೂಜೆರ್ಸಿ 2019ರಿಂದ ಜನನ ಪ್ರಮಾಣಪತ್ರದಲ್ಲಿ ‘ಎಕ್ಸ್’ ಎಂಬ ಮೂರನೇ ಆಯ್ಕೆಯನ್ನೂ ಕೊಡ್ತಾ ಇವೆ. ಅಂದರೆ ಸರ್ಕಾರವೇ ಮನುಷ್ಯರ ಮಾತನ್ನ ಕೇಳಿಸಿಕೊಳ್ಳೋಕೆ ತಯಾರಿದೆ. ಹಾಗಾಗಿ ನಿಮ್ಮ ಆಫೀಸಲ್ಲಿ ಮುಂದಿನ ಸಲ ಇಂಥ ಚಾರ್ಟ್ ತೋರಿಸಿದರೆ ಒಂದೇ ಪ್ರಶ್ನೆ ಹಾಕಿ: ಇದು ಕೇಳಿ ಬರೆದದ್ದೋ, ಊಹಿಸಿ ಬರೆದದ್ದೋ? ಊಹಿಸಿದ್ದಾದರೆ, ‘ಅಪ್ಪ’ ಅಂತ ಟೈಪ್ ಮಾಡಿ ಏನು ಬರುತ್ತೆ ತೋರಿಸಿ ಅನ್ನಿ.