ಮುಖವಿಲ್ಲದ ಭಾವಚಿತ್ರ

ವ್ಯಕ್ತಿಯ ಪ್ರತಿಕೃತಿಯನ್ನು ನಾವು ಭಾವಚಿತ್ರವೆಂದು ಕರೆಯುತ್ತೇವೆ. ಹೆಸರಿನಲ್ಲಿ ಮುಖದ ಮಾತೇ ಇಲ್ಲ. ಆದರೂ ಆ ಪದ ಕಿವಿಗೆ ಬಿದ್ದೊಡನೆ ಕಣ್ಣಿಗೆ ಕಟ್ಟುವುದು ಮುಖವೊಂದೇ. ಭಾವವು ಮುಖದಲ್ಲಿ ಮಾತ್ರ ನೆಲೆಸಿರುವುದೆ? ಇಪ್ಪತ್ತನೆಯ ಶತಮಾನದ ಆದಿಭಾಗದ ಕೆಲವು ಛಾಯಾಗ್ರಾಹಕರು ಕೈಗಳ ಕಡೆಗೆ ಕ್ಯಾಮರಾ ತಿರುಗಿಸಿ ಈ ಪ್ರಶ್ನೆಯನ್ನೆತ್ತಿದರು.

ಅಮೆರಿಕದ ಆಲ್‌ಫ್ರೆಡ್ ಸ್ಟೀಗ್ಲಿಟ್ಸ್ 1917ರಿಂದ 1937ರವರೆಗೆ ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್ ಅವರ 300ಕ್ಕೂ ಮಿಕ್ಕ ಛಾಯಾಚಿತ್ರಗಳನ್ನು ತೆಗೆದರು. ವ್ಯಕ್ತಿಯನ್ನು ಒಂದೇ ಚಿತ್ರದಲ್ಲಿ ಹಿಡಿಯಲಾಗದು, ಕಾಲಕಾಲಕ್ಕೆ ತೆಗೆದ ಹಲವು ಚಿತ್ರಗಳು ಕೂಡಿಯೇ ಒಂದು ಭಾವಚಿತ್ರವಾಗಬೇಕು ಎಂಬುದು ಅವರ ನಿಲುವು. ಆ ಮಾಲೆಯಲ್ಲಿ ಕೈಗಳಿಗೂ ಮುಖದಷ್ಟೇ ಮನ್ನಣೆ. 1919ರ ಒಂದು ಚಿತ್ರದಲ್ಲಿ ಅಂಗುಸ್ತಾನ ತೊಟ್ಟ ಕೈಗಳಿವೆ. ಬಣ್ಣವಿಲ್ಲದ ಕಾರಣ ಕಣ್ಣು ಬೆಳಕುನೆರಳುಗಳನ್ನೇ ಅನುಸರಿಸುತ್ತದೆ: ಬೆರಳುಗಳ ಬಾಗು, ಗೆಣ್ಣುಗಳ ಏರಿಳಿತ, ಲೋಹದ ಹೊಳಪು. ಚಿತ್ರವು ಸುಂದರವೆಂಬುದು ನಿರ್ವಿವಾದ. ಆದರೆ ತಮ್ಮನ್ನು ಯಾರೋ ನೋಡುತ್ತಿರುವರೆಂಬ ಅರಿವು ಆ ಕೈಗಳಿಗಿದೆ. ನಾಟ್ಯದ ಹಸ್ತಮುದ್ರೆಯಂತೆ ಅವು ಒಂದು ಭಂಗಿಯನ್ನು ತಳೆದಿವೆ. ಹೊಲಿಗೆ ಹಿಂದೆ ಸರಿದು ವಿನ್ಯಾಸವು ಮುಂದೆ ಬಂದಿದೆ.

ಇಟಲಿಯಲ್ಲಿ ಹುಟ್ಟಿ ಮೆಕ್ಸಿಕೋದಲ್ಲಿ ಕೆಲಸ ಮಾಡಿದ ಟೀನಾ ಮೊದೊತ್ತಿ 1927ರಲ್ಲಿ ತೆಗೆದ ಕೂಲಿಕಾರನ ಕೈಗಳ ಚಿತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಸಲಿಕೆಯ ಕಾವಿನ ಮೇಲೆ ಎರಡು ಕೈಗಳು ಒರಗಿವೆ. ಚರ್ಮದ ಸುಕ್ಕುಗಳಲ್ಲಿ ಮಣ್ಣು ಕೂತಿದೆ. ಇಲ್ಲಿ ಮುದ್ರೆಯಿಲ್ಲ, ದುಡಿಮೆಯ ನಡುವಣ ವಿರಾಮವಿದೆ. ಆ ಕೈಗಳು ಏನನ್ನೂ ಅಭಿನಯಿಸುವುದಿಲ್ಲ. ಪಟ್ಟ ಪಾಡೆಲ್ಲ ಅವುಗಳ ಮೇಲೆ ತಾನೇ ಬರೆದುಕೊಂಡಿದೆ.

ಹಾಗಾದರೆ ಇದೇ ಮೇಲೆಂದು ತೀರ್ಪು ಕೊಟ್ಟುಬಿಡೋಣವೆ? ಸ್ವಲ್ಪ ತಡೆಯಬೇಕು. ಓಕೀಫ್ ಅವರ ಕೈಗಳಿಗೆ ಹೆಸರುಂಟು. ಅದೇ ಮಾಲೆಯಲ್ಲಿ ಅವರ ಮುಖವೂ ನಮಗೆ ದೊರೆಯುತ್ತದೆ. ಕೂಲಿಕಾರನಿಗೆ ಎರಡೂ ಇಲ್ಲ. ಚಿತ್ರದ ಶೀರ್ಷಿಕೆ ಅವನ ದುಡಿಮೆಯನ್ನು ಹೇಳಿ ಸುಮ್ಮನಾಗುತ್ತದೆ. ಎಲ್ಲ ದುಡಿಮೆಗಾರರಿಗೂ ಪ್ರತಿನಿಧಿಯಾಗುವಷ್ಟರಲ್ಲಿ ಅವನು ತಾನಾಗಿ ಉಳಿಯುವುದು ಕಷ್ಟ. ಮುಖವನ್ನು ಚೌಕಟ್ಟಿನಿಂದ ಹೊರಗಿಟ್ಟಾಗ ಒದಗುವ ಅಪಾಯವಿದು.

ಆದರೂ ಅವನು ಅಳಿಸಿಹೋಗಿಲ್ಲ. ಆ ಸುಕ್ಕುಗಳೂ ಆ ಮಣ್ಣಿನ ಗೆರೆಗಳೂ ಮತ್ತೊಬ್ಬನವಲ್ಲ. ವಿದ್ಯಾರ್ಥಿಮಿತ್ರರು ಗಮನಿಸಬೇಕಾದ ಅಂಶವಿದು: ಕೈಯನ್ನು ಚೆಲುವಾಗಿ ತೋರಿಸುವುದಕ್ಕಿಂತ, ಅದು ಬೇರೆ ಯಾರದೂ ಆಗಲಾರದೆಂಬಂತೆ ತೋರಿಸುವುದು ಕಠಿಣ. ಈ ಒರೆಗಲ್ಲಿಗೆ ಹಚ್ಚಿದರೆ ಮೊದೊತ್ತಿಯ ಚಿತ್ರವೇ ಭಾವಚಿತ್ರವೆಂಬ ಮಾತಿಗೆ ಹೆಚ್ಚು ಸಮೀಪದ್ದು. ಆದರೆ ಒಂದು ಹೆಸರಿನ ಋಣ ಅದರ ಮೇಲೆ ಇನ್ನೂ ಉಳಿದಿದೆ.